ಮೂಲೆ ತೆಗೆಯುವ ಕೆಲಸ

ನಾನು ಪ್ರೊಡಕ್ಷನ್‌ನಲ್ಲಿದ್ದೇನೆ ಅಂದರೆ ‘ಯಾವ ಸಿನಿಮಾ?’ ಎಂದು ಕೇಳಿದವರಿದ್ದಾರೆ. ಪ್ರೀಮಿಯರ್ ಸ್ಟುಡಿಯೋ ಇದ್ದ ಊರು ನಮ್ಮದು, ಕೇಳಿದವರನ್ನು ಅನ್ನುವಂತಿಲ್ಲ. ಸಿನಿಮಾ ಅಲ್ಲ, ಚೀಲ ಎಂದ ಕೂಡಲೇ ಅವರ ಮುಖದ ಕುತೂಹಲ ಇಳಿದುಹೋಗಿ, ಆ ಜಾಗಕ್ಕೆ ಒಂದಿಷ್ಟು ಕನಿಕರ ಬಂದು ಕೂರುತ್ತದೆ. ‘ಓ, ಹೊಲಿಗೇನಾ? ಒಳ್ಳೇದಾಯ್ತು ಬಿಡಿ, ಮನೇಲಿ ಸುಮ್ನೆ ಕೂರೋದಕ್ಕಿಂತ’ ಅನ್ನುತ್ತಾರೆ. ಹೊಲಿಯುವುದು ನಾನಲ್ಲ ಎಂದರಂತೂ ಗೊಂದಲ ಇನ್ನೂ ಜಾಸ್ತಿ. ಹೊಲಿಗೆಯ ಕಡೆ ಕೆಲಸ, ಆದರೆ ಹೊಲಿಯುವುದಿಲ್ಲ. ಹಾಗಾದರೆ ಬೆಳಗಿನಿಂದ ಸಂಜೆಯವರೆಗೆ ಇವಳು ಮಾಡುವುದೇನು?

ಮಾಡುವುದು ಬೇಕಾದಷ್ಟಿದೆ. ಕುವೆಂಪುನಗರದ ಒಂದು ಮನೆಯ ಕಾರ್ ಶೆಡ್ಡು ನಮ್ಮ ಕಾರ್ಖಾನೆ. ಕಾರು ಪಾಪ ರಸ್ತೆಯ ಹೊಂಗೆಮರದ ಕೆಳಗೆ ನಿಂತು, ಹೂವು, ಎಲೆ, ಕಾಗೆಗಳ ಪ್ರಸಾದ ಎಲ್ಲವನ್ನೂ ಮೈಮೇಲೆ ಹಾಕಿಸಿಕೊಳ್ಳುತ್ತಿದೆ. ಶೆಡ್ಡಿನೊಳಗೆ ಎರಡು ಪವರ್ ಮಿಷನ್ನು, ಮೋಟರ್ ಹಾಕಿಸಿದ ಎರಡು ಹಳೇ ಉಷಾ ಮಿಷನ್ನು, ಒಂದು ಓವರ್‌ಲಾಕ್, ಒಂದು ಇಸ್ತ್ರಿ ಟೇಬಲ್ಲು. ಕಟಿಂಗ್ ಟೇಬಲ್ಲು ಹಿಂದಿನ ಜನ್ಮದಲ್ಲಿ ಯಾವುದೋ ಛತ್ರದ ಊಟದ ಟೇಬಲ್ಲಾಗಿತ್ತು. ಮಳೆಗಾಲದಲ್ಲಿ ಅದರಿಂದ ಈಗಲೂ ಒಂದು ಸಣ್ಣ ಸಾರಿನ ವಾಸನೆ ಬರುತ್ತದೆ ಎಂಬುದು ನನ್ನ ಗುಮಾನಿ. ಶೆಡ್ಡಿನ ಒಡತಿಯನ್ನು ನಾವು ಅಕ್ಕ ಎನ್ನುತ್ತೇವೆ, ಗಿರಾಕಿಗಳು ಮೇಡಂ ಎನ್ನುತ್ತಾರೆ, ಕಟಿಂಗ್ ಮಾಸ್ಟರ್ ಅಮ್ಮಾವ್ರು ಎನ್ನುತ್ತಾರೆ. ಮಾಸ್ಟರ್‌ಗೆ ಎಲ್ಲರೂ ಮಾಸ್ಟರ್ ಎಂದೇ ಅನ್ನುವುದು, ಅವರ ಮನೆಯವರೂ ಸೇರಿ.

ನಾವು ಮಾಡುವ ಪದಾರ್ಥಗಳು ಇಂಥವು: ತಾಂಬೂಲದ ಚೀಲ, ಲಾಡಿ ಎಳೆದರೆ ಬಾಯಿ ಮುಚ್ಚುವ ಬಟುವೆ, ಬಾಗಿಲಿನ ತೋರಣ, ಮಿಕ್ಕ ತುಂಡುಗಳಿಂದ ಪರ್ಸು, ನವರಾತ್ರಿ ಹತ್ತಿರ ಬಂದರೆ ಗೊಂಬೆಗಳಿಗೆ ಬಟ್ಟೆ. ಇವುಗಳಲ್ಲಿ ಹೊಟ್ಟೆಪಾಡು ನಡೆಯುವುದು ತಾಂಬೂಲದ ಚೀಲದಿಂದ.

ಚೀಲ ಹೊಲಿಯುವುದು ಉಲ್ಟಾ ಮಾಡಿಕೊಂಡು. ಎರಡು ಪಕ್ಕ ಹೊಲಿದಾದ ಮೇಲೆ ಒಳಗಿನದನ್ನು ಹೊರಗೆ ತಿರುವಬೇಕು. ತಿರುವಿದ ಕೂಡಲೇ ಚೀಲವೇನೋ ಸೀದಾ ಆಗುತ್ತದೆ, ಆದರೆ ಕೆಳಗಿನ ಎರಡು ಮೂಲೆಗಳು ಮೊದಲ ದಿನ ಸ್ಕೂಲಿಗೆ ಬಂದ ಮಕ್ಕಳ ಹಾಗೆ ಮುದುಡಿಕೊಂಡು ಒಳಗೇ ನಿಂತುಬಿಡುತ್ತವೆ. ಅವನ್ನು ಹೊರಗೆ ತರುವವಳು ನಾನು. ನಮ್ಮಲ್ಲಿ ಇದಕ್ಕೆ ಮೂಲೆ ತೆಗೆಯೋದು ಅನ್ನುತ್ತೇವೆ. ಕತ್ತರಿಯ ತುದಿಯಿಂದ ತಿವಿದರೆ ಬೇಗ ಬರುತ್ತದೆ, ಜೊತೆಗೆ ಕತ್ತರಿಯೂ ಬಟ್ಟೆಯನ್ನು ದಾಟಿ ಬರುತ್ತದೆ. ಸ್ವೆಟರ್ ಹಾಕುವ ಕಡ್ಡಿ ಚೂಪು ಜಾಸ್ತಿ, ಪೆನ್ನಿನ ಕ್ಯಾಪು ಮೊಂಡು. ಕೊನೆಗೆ ಕೈಗೆ ಹೊಂದಿದ್ದು ಐಸ್‌ಕ್ರೀಮ್ ಕಡ್ಡಿ. ಅದರ ಒಂದು ತುದಿಯನ್ನು ಸಿಮೆಂಟು ನೆಲಕ್ಕೆ ಉಜ್ಜಿ ಉಜ್ಜಿ ಸ್ವಲ್ಪ ಸಪೂರ ಮಾಡಿ ಇಟ್ಟುಕೊಂಡಿದ್ದೇನೆ. ಮೊದಲು ಮೂಲೆಯಲ್ಲಿ ಹೊಲಿಗೆಯಾಚೆ ಉಳಿದ ಬಟ್ಟೆಯನ್ನು ಓರೆಯಾಗಿ ಕತ್ತರಿಸಬೇಕು. ಹೊಲಿಗೆಗೆ ತೀರ ಹತ್ತಿರ ಹೋದರೆ ಮುಂದೆ ಬಿಚ್ಚಿಕೊಳ್ಳುತ್ತದೆ, ದೂರ ಬಿಟ್ಟರೆ ಒಳಗೆ ಗಂಟುಗಟ್ಟಿ ಮೂಲೆ ಗುಂಡಗಾಗುತ್ತದೆ. ಆಮೇಲೆ ಕಡ್ಡಿಯನ್ನು ಒಳಗೆ ಬಿಟ್ಟು, ಹೊರಗಿನಿಂದ ಎಡಗೈ ಹೆಬ್ಬೆರಳು ಆನಿಸಿ, ಮೆಲ್ಲಗೆ ಒತ್ತಿ ಒಂದು ಸುತ್ತು ಉರುಳಿಸಬೇಕು. ಮೂಲೆ ಟಪ್ ಎಂದು ಹೊರಗೆ ಬರುತ್ತದೆ. ಕೂಡಲೇ ಇಸ್ತ್ರಿ. ಇಸ್ತ್ರಿ ತಡವಾದರೆ ಮತ್ತೆ ಒಳಗೆ ಸೇರಿಕೊಳ್ಳುತ್ತದೆ.

ಇಷ್ಟಾದರೂ ತಾಂಬೂಲ ತೆಗೆದುಕೊಂಡು ಹೋದ ಯಾವ ಮುತ್ತೈದೆಯೂ ‘ಅಬ್ಬ, ಏನು ಮೂಲೆ!’ ಎಂದಿದ್ದು ನಾನು ಕೇಳಿಲ್ಲ. ಮೂಲೆ ಸರಿಯಿಲ್ಲದಿದ್ದರೆ ಮಾತ್ರ ‘ಯಾಕೋ ಸೊಟ್ಟಗಿದೆ’ ಅನ್ನುತ್ತಾರೆ.

ಇನ್ನೊಂದು ಕೆಲಸ ದಾರ ಕತ್ತರಿಸುವುದು. ಮಿಷನ್ನು ಎಲ್ಲಿ ಶುರುವಾಯಿತೋ ಅಲ್ಲೊಂದು ಬಾಲ, ಎಲ್ಲಿ ನಿಂತಿತೋ ಅಲ್ಲೊಂದು ಬಾಲ. ಹಿಡಿಕೆ ಕೂರಿಸಿದ ನಾಲ್ಕು ಕಡೆ ಮತ್ತಷ್ಟು. ಅವನ್ನೆಲ್ಲ ಪುಟ್ಟ ಟ್ರಿಮ್ಮರಿನಲ್ಲಿ ಕಚಕ್ ಕಚಕ್ ಎಂದು ತೆಗೆಯುತ್ತ ಹೋದರೆ ಸಂಜೆ ಹೊತ್ತಿಗೆ ಸೀರೆ ತುಂಬ ಬಣ್ಣಬಣ್ಣದ ದಾರ. ಎಷ್ಟು ಕೊಡವಿದರೂ ನಾಲ್ಕು ಎಳೆ ಮನೆಗೆ ಜೊತೆಯಲ್ಲೇ ಬರುತ್ತವೆ. ನಮ್ಮ ಯಜಮಾನರು ಒಂದು ರಾತ್ರಿ ಮೊಸರನ್ನದಿಂದ ಕೆಂಪು ಎಳೆಯೊಂದನ್ನು ಎತ್ತಿ ಹಿಡಿದು, ದೀಪದ ಬೆಳಕಿಗೆ ನೋಡಿ, ‘ಮದುವೆ ಆರ್ಡರ್ರಾ?’ ಎಂದರು. ಮದುವೆಯದೇ ಆಗಿತ್ತು.

ಮಾಸ್ಟರ್ ಕೆಲಸ ನೋಡಬೇಕಾದದ್ದು. ಚೀಲದ ಅಳತೆ 8 ಇಂಚು ಅಗಲ, 10 ಇಂಚು ಎತ್ತರ ಎಂದು ಗಿರಾಕಿ ಹೇಳಿ ಹೋಗುತ್ತಾರೆ. ಎರಡೂ ಪಕ್ಕ ಹೊಲಿಗೆಗೆ ಅರ್ಧರ್ಧ ಇಂಚು ಸೇರಿ 9. ತಳದಲ್ಲಿ ಹೊಲಿಗೆ ಇಲ್ಲ, ಮಡಿಕೆ. ಹಾಗಾಗಿ ಉದ್ದ 20, ಬಾಯಿಯ ಮಡಿಕೆಗೆ ಆ ಕಡೆ ಎರಡು ಈ ಕಡೆ ಎರಡು, ಒಟ್ಟು 24. ಬಟ್ಟೆಯ ಪನ್ನ 44 ಇಂಚು. 44ರಲ್ಲಿ 9 ನಾಲ್ಕು ಸಲ ಹೋಗಿ 8 ಇಂಚಿನ ಪಟ್ಟಿ ಮಿಗುತ್ತದೆ. ಅದರಲ್ಲಿ ಇನ್ನೊಂದು ಚೀಲ ಹುಟ್ಟುವುದಿಲ್ಲ. ಮಾಸ್ಟರ್ ಆ ಪಟ್ಟಿಯನ್ನು ನೋಡುತ್ತ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಕಿವಿಯ ಮೇಲಿನ ಸೀಸದಕಡ್ಡಿ ತೆಗೆಯುತ್ತಾರೆ, ಮತ್ತೆ ಕಿವಿಗೇ ಸಿಕ್ಕಿಸುತ್ತಾರೆ. ಕೊನೆಗೆ, ‘ಅಮ್ಮಾವ್ರೇ, ಕಾಲಿಂಚು ಬಿಟ್ಕೊಡ್ತಾರಾ ಕೇಳಿ’ ಅನ್ನುತ್ತಾರೆ. ಚೀಲ ಕಾಲಿಂಚು ಕಿರಿದಾದರೆ 44ರಲ್ಲಿ ಐದು ಕೂರುತ್ತವೆ. 500 ಚೀಲಕ್ಕೆ 76 ಮೀಟರ್ ಮೇಲೆ ಬೇಕಾಗಿದ್ದ ಬಟ್ಟೆ 61 ಮೀಟರಿಗೆ ಇಳಿಯುತ್ತದೆ. ಆ ತಿಂಗಳ ಲಾಭವೆಲ್ಲ ಆ ಕಾಲಿಂಚಿನಲ್ಲಿದೆ. ನಾನು ಡಿಗ್ರಿಯಲ್ಲಿ ಗಣಿತ ಓದಿದವಳು. ಇಷ್ಟು ಲಾಭದ ಲೆಕ್ಕ ಅಲ್ಲಿ ಯಾರೂ ಹೇಳಿಕೊಡಲಿಲ್ಲ.

ಚೀಲದ ಪರೀಕ್ಷೆಗೆ ನಮ್ಮಲ್ಲಿ ಒಂದು ತೆಂಗಿನಕಾಯಿ ಇದೆ. ಮೊದಲು ಹೊಲಿದ ಚೀಲಕ್ಕೆ ಅದನ್ನು ಹಾಕಿ, ಹಿಡಿಕೆ ಹಿಡಿದು ನಾಲ್ಕು ಸಲ ಬೀಸಬೇಕು. ಹಿಡಿಕೆ ಉಳಿದರೆ ಸ್ಯಾಂಪಲ್ ಪಾಸು. ಕಾಯಿ ಅಲ್ಲಾಡಿಸಿದಾಗ ನೀರಿನ ಸದ್ದು ಕೇಳದಂತಾದರೆ ಅದಕ್ಕೆ ನಿವೃತ್ತಿ ಕೊಟ್ಟು ದೇವರಾಜ ಮಾರ್ಕೆಟ್ಟಿನಿಂದ ಹೊಸದು ತರುತ್ತೇವೆ.

ಮಾತು ಎಲ್ಲಿಗೋ ಹೋಯಿತು. ಮಿಷನ್ನಿನ ವಿಚಾರಕ್ಕೆ ಬರುತ್ತೇನೆ. ಯಂತ್ರ ಎಂದರೆ ಮುಖ ತಿರುಗಿಸುತ್ತಿದ್ದ ಗಾಂಧೀಜಿ ಹೊಲಿಗೆ ಮಿಷನ್ನಿಗೆ ಮಾತ್ರ ರಿಯಾಯಿತಿ ಕೊಟ್ಟಿದ್ದರು. 1924ರ ಯಂಗ್ ಇಂಡಿಯಾದಲ್ಲಿ ಆ ಮಾತುಕತೆ ಅಚ್ಚಾಗಿದೆ. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ಸುಸ್ತಾಗುವುದನ್ನು ನೋಡಲಾರದೆ ಸಿಂಗರ್ ಈ ಯಂತ್ರ ಮಾಡಿದ, ಅದರ ಹಿಂದೆ ಪ್ರೀತಿಯಿದೆ ಎಂಬುದು ಗಾಂಧೀಜಿಯವರ ನಂಬಿಕೆ. ಐಸಾಕ್ ಸಿಂಗರ್ ನಾಟಕದ ಕಂಪನಿ ಕಟ್ಟಿಕೊಂಡು ಊರೂರು ಅಲೆದಿದ್ದ ನಟ. 1851ರಲ್ಲಿ ಮಿಷನ್ನಿಗೆ ಪೇಟೆಂಟ್ ತೆಗೆದುಕೊಂಡ. ಅವನಿಗೆ ಹಲವು ಸಂಸಾರ, ಎರಡು ಡಜನ್ ಮಕ್ಕಳು. ಗಾಂಧೀಜಿ ಹೇಳಿದ ಹೆಂಡತಿ ಅವರಲ್ಲಿ ಯಾರು ಎನ್ನುವುದು ಸ್ವಲ್ಪ ಕಷ್ಟದ ಪ್ರಶ್ನೆ. ಅಷ್ಟು ಮಕ್ಕಳ ಬಟ್ಟೆ ಹೊಲಿಯಬೇಕಾದರೆ ಯಾರಿಗಾದರೂ ಮಿಷನ್ನು ಬೇಕೇ ಬೇಕು, ಅದರ ಮಟ್ಟಿಗೆ ಮಹಾತ್ಮರ ಮಾತು ಸರಿ. ಮೇಲಿನ ದಾರವೂ ಕೆಳಗಿನ ದಾರವೂ ಸೇರಿ ಹೊಲಿಗೆ ಕೂರುವ ಉಪಾಯಕ್ಕೆ ಎಲಿಯಾಸ್ ಹೋವ್ 1846ರಲ್ಲೇ ಪೇಟೆಂಟ್ ಪಡೆದಿದ್ದ. ಸಿಂಗರ್ ಕೋರ್ಟು ಹತ್ತಿ ಅವನಿಗೆ ದುಡ್ಡು ಕಟ್ಟಬೇಕಾಯಿತು. ಆದರೆ ಸಿಂಗರ್ ಕಂಪನಿಯವರು 1856ರಲ್ಲಿ ಕಂತಿನ ಮೇಲೆ ಮಿಷನ್ನು ಕೊಡಲು ಶುರುಮಾಡಿದರಲ್ಲ, ನನ್ನ ಮಟ್ಟಿಗೆ ಅದೇ ದೊಡ್ಡದು. ನಮ್ಮ ಎರಡು ಪವರ್ ಮಿಷನ್ನೂ ಕಂತಿನವೇ.

ಇದನ್ನೆಲ್ಲ ಒಂದು ಮಧ್ಯಾಹ್ನ ಕರೆಂಟು ಹೋಗಿ ಎಲ್ಲರೂ ಬಾಗಿಲ ಬಳಿ ಕೂತಿದ್ದಾಗ ಹೇಳಿದೆ. ಇವರೆಲ್ಲರಿಗಿಂತ ಮೊದಲು ಫ್ರಾನ್ಸಿನಲ್ಲಿ ತಿಮೊನಿಯೆ ಎಂಬ ದರ್ಜಿ ಮಿಷನ್ನು ಮಾಡಿದ್ದ, ಸೈನಿಕರ ಬಟ್ಟೆ ಹೊಲಿಯಲು ಪ್ಯಾರಿಸ್ಸಿನಲ್ಲಿ ಇಟ್ಟಿದ್ದ, ಹೊಟ್ಟೆಗೆ ಕಲ್ಲು ಬೀಳುತ್ತದೆ ಎಂದು ಊರಿನ ಟೈಲರುಗಳು 1831ರಲ್ಲಿ ನುಗ್ಗಿ ಅಷ್ಟೂ ಮಿಷನ್ನು ಪುಡಿಮಾಡಿದರು ಎಂದೆ. ಮಾಸ್ಟರ್ ಗಂಭೀರವಾಗಿ ಕೇಳಿಸಿಕೊಂಡರು. ‘ಆ ವಾರ ಯಾರಿಗೂ ಡೆಲಿವರಿ ಕೊಟ್ಟಿರಲ್ಲ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಒಳ್ಳೇ ನೆಪ’ ಎಂದೂ ಸೇರಿಸಿದರು.

ಮಿಷನ್ನಿನ ಮುಂದೆ ಕೂರುವ ಮೂವರಲ್ಲಿ ಒಬ್ಬಾಕೆ ಮೊದಲು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದವಳು. ಅಲ್ಲಿ ವರ್ಷಾನುಗಟ್ಟಲೆ ಶರ್ಟಿನ ಕಾಲರು ಮಾತ್ರ ಹೊಲಿದಿದ್ದಾಳೆ. ತೋಳು ಇನ್ನೊಬ್ಬಳದು, ಜೇಬು ಮತ್ತೊಬ್ಬಳದು, ಗಂಟೆಗೆ ಇಷ್ಟು ಎಂದು ಬೋರ್ಡಿನ ಮೇಲೆ ಲೆಕ್ಕ. ಊರಿಗೆ ಹೋದಾಗ ಅವಳ ಮಾವನವರು ಪ್ರೀತಿಯಿಂದ ‘ಒಂದು ಶರ್ಟು ಹೊಲಿದುಕೊಡವ್ವ’ ಅಂದರಂತೆ. ‘ಕಾಲರ್ ಮಾತ್ರ ಕೊಡ್ಲಾ ಮಾವ?’ ಅಂದಳಂತೆ. ನಮ್ಮಲ್ಲಿಗೆ ಬಂದ ಹೊಸದರಲ್ಲಿ ಅಕ್ಕನನ್ನು ದಿನಾ ಬೆಳಿಗ್ಗೆ ಕೇಳುವಳು, ‘ಇವತ್ತು ಟಾರ್ಗೆಟ್ ಎಷ್ಟಕ್ಕಾ?’

‘ಆದಷ್ಟು ಮಾಡಮ್ಮ.’

‘ಆದಷ್ಟು ಅಂದ್ರೆ ಎಷ್ಟು?’

ಅಕ್ಕನ ಹತ್ತಿರ ಉತ್ತರವಿರಲಿಲ್ಲ. ಟಾರ್ಗೆಟ್ಟು ಇಲ್ಲದ ಜಾಗ ಎಂದರೆ ಸುಖ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವಳಿಗೆ ಅದು ಸಂಕಟ. ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯದೆ ಟೀ ಕುಡಿಯಲೂ ಏಳುತ್ತಿರಲಿಲ್ಲ. ಕೊನೆಗೆ ತಾನೇ ಬಟ್ಟೆಗೆ ಗೆರೆ ಹಾಕುವ ಚಾಕಿನಿಂದ ಗೋಡೆಯ ಮೇಲೆ ಒಂದು ಅಂಕಿ ಬರೆದುಕೊಂಡಳು. ಅದು ಮುಟ್ಟಿದ ದಿನ ಕಾಲು ಚಾಚಿ ಕೂತು ಎರಡು ಲೋಟ ಟೀ ಕುಡಿಯುತ್ತಾಳೆ. ಬಟುವೆಯನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬಳೇ ಹೊಲಿದು, ಪಿನ್ನಿಗೆ ಲಾಡಿ ಸಿಕ್ಕಿಸಿ ಒಂದು ಸುತ್ತು ತೂರಿಸಿ, ಎಳೆದು ಬಾಯಿ ಮುಚ್ಚಿ ನೋಡಿದ ದಿನ, ಅದನ್ನು ಮೂರು ಸಲ ತೆಗೆದು ಮುಚ್ಚಿದಳು. ನಾನು ನೋಡುತ್ತಿದ್ದೇನೆ ಎಂದು ಗೊತ್ತಾದ ಮೇಲೆ, ‘ಲಾಡಿ ಬಿಗಿ ಇದೆಯಾ ಅಂತ’ ಎಂದಳು.

ನಮ್ಮ ವ್ಯಾಪಾರಕ್ಕೆ ಕಳೆ ಬಂದದ್ದು ಸರ್ಕಾರದ ದಯೆಯಿಂದ. 2016ರಲ್ಲಿ ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ ಬಂತು. ಅದೇ ವರ್ಷ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲು ಎಂದು ಸುದ್ದಿಯಾಗಿ, ಊರಿನವರಿಗೆಲ್ಲ ಚೀಲದ ಮೇಲೆ ಇದ್ದಕ್ಕಿದ್ದಂತೆ ಅಭಿಮಾನ ಹುಟ್ಟಿತು. 2022ರ ಜುಲೈನಿಂದ ಇಡೀ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಾಮಾನುಗಳಿಗೂ ಕತ್ತರಿ ಬಿತ್ತು. ಪ್ಲಾಸ್ಟಿಕ್ಕು ಹೋಯಿತೇ ಎಂದು ಕೇಳಬೇಡಿ. ತಾಂಬೂಲ ಕೊಡುವವರಂತೂ ಬಟ್ಟೆಗೆ ಬಂದರು. ಒಂದೇ ತೊಡಕು: ಬಟ್ಟೆ ಚೀಲ ಹರಿಯುವುದಿಲ್ಲ. ಮೈಸೂರಿನ ಯಾವುದೇ ಮನೆಯ ಅಡುಗೆಮನೆ ಬಾಗಿಲ ಹಿಂದೆ ನೋಡಿ, ಒಂದು ಮೊಳೆ, ಮೊಳೆಗೆ ಒಂದು ಚೀಲ, ಆ ಚೀಲದೊಳಗೆ ಇಪ್ಪತ್ತು ಚೀಲ. ನಾವು ಗಟ್ಟಿಯಾಗಿ ಹೊಲಿದಷ್ಟೂ ನಮ್ಮ ಮುಂದಿನ ಆರ್ಡರಿಗೆ ನಾವೇ ಕಲ್ಲು ಹಾಕಿಕೊಂಡಂತೆ. ಅಕ್ಕಿ ಮೂಟೆಯ ಬಾಯಿಗೆ ಹಾಕುವ ಸರಪಳಿ ಹೊಲಿಗೆ ಗೊತ್ತಲ್ಲ, ಸರಿಯಾದ ತುದಿ ಹಿಡಿದು ಎಳೆದರೆ ಸರ್ರನೆ ಅಷ್ಟೂ ಬಿಚ್ಚಿಕೊಳ್ಳುತ್ತದೆ. (ತಪ್ಪು ತುದಿ ಹಿಡಿದರೆ ಬ್ಲೇಡು ಹುಡುಕಬೇಕು, ನಮ್ಮ ಮನೆಗೆ ಬರುವ ಮೂಟೆಗಳಿಗೆಲ್ಲ ತಪ್ಪು ತುದಿ ಮಾತ್ರ ಇರುತ್ತದೆ.) ಅಂಥ ಹೊಲಿಗೆ ಹಾಕಿದ್ದರೆ ವ್ಯಾಪಾರ ಜೋರಾಗುತ್ತಿತ್ತೇನೋ ಎಂದು ತಮಾಷೆಗೆ ಅಂದೆ. ಮಾಸ್ಟರ್ ಒಂದು ದಿನವಿಡೀ ನನ್ನ ಜೊತೆ ಮಾತಾಡಲಿಲ್ಲ.

ಅದಕ್ಕೇ ಹೆಸರು ಪ್ರಿಂಟ್ ಮಾಡಿಸುವ ಚೀಲ ನನಗಿಷ್ಟ. ಒಂದು ಮದುವೆಯ ಚೀಲ ಇನ್ನೊಂದಕ್ಕೆ ನಡೆಯುವುದಿಲ್ಲ. ಮಾರ್ಕೆಟ್ಟಿನಲ್ಲಿ ನಿಂತು ನೋಡಿದರೆ ಊರಿನ ದಾಂಪತ್ಯಗಳೆಲ್ಲ ಕಣ್ಣೆದುರಿಗೆ ಹಾದುಹೋಗುತ್ತವೆ. ಚಿ. ಮತ್ತು ಚಿ.ಸೌ. ಹೀರೇಕಾಯಿ ಹೊತ್ತುಕೊಂಡು ಹೋಗುತ್ತಾರೆ. ಷಷ್ಟ್ಯಬ್ದಿ ದಂಪತಿಗಳು ಬಾಳೆದಿಂಡನ್ನು ಹೊರಗೆ ಚಾಚಿಕೊಂಡು ಸಿಟಿ ಬಸ್ ಹತ್ತುತ್ತಾರೆ. ಒಂದು ಜೋಡಿ ಬೇರೆಯಾದ ಸುದ್ದಿ ನಮಗೆ ಗೊತ್ತಿತ್ತು. ಅವರ ಚೀಲ ಮಾತ್ರ ಚಿಕ್ಕ ಗಡಿಯಾರದ ಹತ್ತಿರ ಎರಡು ಕಿಲೋ ಈರುಳ್ಳಿಯನ್ನು ಇನ್ನೂ ಒಟ್ಟಿಗೇ ಹೊರುತ್ತಿತ್ತು.

ಮೈಸೂರು ಎಂಬ ಹೆಸರು ಅಂಟಿಸಿಕೊಂಡ ಪದಾರ್ಥಗಳಿಗೆ ಈ ಲೋಕದಲ್ಲಿ ಬೆಲೆಯೇ ಬೇರೆ. ರೇಷ್ಮೆಯನ್ನೇ ನೋಡಿ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ, ವಿದೇಶದ ಮಗ್ಗ ತರಿಸಿ ಶುರುವಾದ ಕಾರ್ಖಾನೆ; ಇವತ್ತಿಗೂ ಆ ಸೀರೆಗೆ ಜನ ಬೆಳಗಿನಿಂದ ಸಾಲು ನಿಲ್ಲುತ್ತಾರೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ಬೀಟೆಮರದ ಕುಸುರಿ, ಗಂಜೀಫಾ, ಊದುಬತ್ತಿ, ಎಲ್ಲಕ್ಕೂ ಜಿಐ ಪಟ್ಟ ಆಗಿದೆ. ನಮ್ಮ ಚೀಲದೊಳಗೆ ಹೋಗುವ ಎಲೆಗೆ ಪಟ್ಟವಿದೆ, ಚೀಲಕ್ಕಿಲ್ಲ. ನನಗೇನೂ ಹೊಟ್ಟೆಕಿಚ್ಚಿಲ್ಲ, ಸುಮ್ಮನೆ ಹೇಳಿದೆ. ಜಂಬೂಸವಾರಿಯ ದಿನ ಲಕ್ಷಾಂತರ ಜನ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ನೋಡಿ ಕೈಮುಗಿಯುವಾಗ ಮಾಸ್ಟರ್ ನೋಡುವುದು ಆನೆಯ ಬೆನ್ನಿಗೂ ಅಂಬಾರಿಗೂ ನಡುವೆ ಇರುವ ನಮ್ದಾ ಮತ್ತು ಗಾದಿಯನ್ನು. ‘ಅದೂ ಯಾರೋ ಕೂತು ಹೊಲಿದಿರೋದೇ. ಅದು ಜರುಗಿದ್ರೆ ಮೇಲಿರೋದೆಲ್ಲ ಜರುಗ್ತದೆ’ ಅನ್ನುತ್ತಾರೆ. ಟಿವಿಯವರು ಗಾದಿಯನ್ನು ಹತ್ತಿರದಿಂದ ತೋರಿಸುವುದೇ ಇಲ್ಲ ಎಂಬುದು ಅವರ ವಾರ್ಷಿಕ ದೂರು.

ಕೈಕೆಲಸ ಎಂದರೆ ಜನಕ್ಕೆ ತುಂಬ ಗೌರವ, ಬೆಲೆ ಹೇಳುವವರೆಗೆ. ‘ಎಲ್ಲಾ ಕೈಯಲ್ಲೇ ಮಾಡ್ತೀರಾ? ಎಷ್ಟು ಚೆನ್ನಾಗಿದೆ!’ ಎಂದವರೇ ರೇಟು ಕೇಳಿದ ಮೇಲೆ ಚೀಲವನ್ನು ಒಳಗೆ ಹೊರಗೆ ತಿರುವಿ, ‘ಇಷ್ಟೇ ತಾನೆ, ಎರಡು ಹೊಲಿಗೆ, ನಾನೇ ಹಾಕ್ಕೋಬೋದು’ ಅನ್ನುತ್ತಾರೆ. ಹಾಕಿಕೊಳ್ಳಬಹುದು, ಸಂಶಯವಿಲ್ಲ. ಒಂದು ಚೀಲ ಯಾರಾದರೂ ಹೊಲಿಯಬಹುದು. ಐನೂರು ಒಂದೇ ಥರ ಇರಬೇಕು, ಮುಹೂರ್ತದ ಹಿಂದಿನ ದಿನ ಸಂಜೆಗೆ ಎಣಿಸಿ ಹತ್ತತ್ತರ ಕಟ್ಟು ಮಾಡಿ ಛತ್ರ ಸೇರಬೇಕು ಎಂದಾಗಲೇ ಹೊಲಿಗೆಯೆಂಬುದು ಕೆಲಸದ ಸಣ್ಣ ಭಾಗ ಎಂದು ತಿಳಿಯುವುದು. ಅಷ್ಟರಲ್ಲಿ ಹಸಿರು ಬಟ್ಟೆ ಸಾಲದೆ ಬಂದು, ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಚಿಕ್ಕಪೇಟೆಗೆ ಹೋದರೆ, ಅದೇ ಅಂಗಡಿಯ ಅದೇ ಹಸಿರು ಈ ಸಲದ ಬಣ್ಣದಲ್ಲಿ ಒಂದು ಪಿಸುರು ಹಳದಿಗೆ ತಿರುಗಿರುತ್ತದೆ. ಆಗ ಕಟ್ಟು ಕಟ್ಟುವವಳು ಹಳೇ ಹಸಿರನ್ನು ಒಂದು ಕಡೆ, ಹೊಸ ಹಸಿರನ್ನು ಇನ್ನೊಂದು ಕಡೆ ಇಟ್ಟು, ಹೆಣ್ಣಿನ ಕಡೆಯವರಿಗೆ ಒಂದು, ಗಂಡಿನ ಕಡೆಯವರಿಗೆ ಒಂದು ಎಂದು ಹಂಚುವಂತೆ ಛತ್ರದವರಿಗೆ ಹೇಳಿಬರಬೇಕು. ಬೀಗರು ಚೀಲ ಅಕ್ಕಪಕ್ಕ ಹಿಡಿದು ನೋಡದಿದ್ದರೆ ಎಲ್ಲ ಸುಖ.

ಈಗ ಗೊಂಬೆಗಳ ಕಾಲ. ಭಾದ್ರಪದ ಬಂತೆಂದರೆ ಶೆಡ್ಡಿಗೆ ರಾಜರೂ ರಾಣಿಯರೂ ಬರತೊಡಗುತ್ತಾರೆ, ಹಳೇ ಟವಲಿನಲ್ಲಿ ಸುತ್ತಿಸಿಕೊಂಡು. ಕೆಂಪು ಚಂದನದ ಪಟ್ಟದ ಗೊಂಬೆಗಳು. ಮದುವೆಯಲ್ಲಿ ಮಗಳಿಗೆ ಜೋಡಿ ಗೊಂಬೆ ಕೊಡುವುದು ಈ ಕಡೆಯ ಪದ್ಧತಿ. ಬಣ್ಣ ಮಾಸಿ, ಮೂಗು ಸವೆದು, ಅಜ್ಜಿಯ ಕಾಲದ್ದು ಎಂದು ನೋಡಿದರೇ ತಿಳಿಯುತ್ತದೆ. ಅವಕ್ಕೆ ವರ್ಷವೂ ಹೊಸ ಬಟ್ಟೆ. ರೇಷ್ಮೆ ಸೀರೆಯಿಂದ ಮಿಕ್ಕ ಜರಿಯಂಚನ್ನು ಗಿರಾಕಿಗಳೇ ತಂದುಕೊಡುತ್ತಾರೆ. ಗೊಂಬೆ ಕೈ ಎತ್ತುವುದಿಲ್ಲ, ಬಗ್ಗುವುದಿಲ್ಲ. ಹಾಗಾಗಿ ರವಿಕೆಯನ್ನು ಬೆನ್ನ ಕಡೆ ಬಿಚ್ಚಿಟ್ಟು ಹೊಲಿದು, ಮೈಗೆ ಸುತ್ತಿ, ಹಿಂದೆ ಕೈಯಲ್ಲೇ ನಾಲ್ಕು ಟಾಕ ಹಾಕಬೇಕು. ಇಲ್ಲಿ ನನಗೂ ಸೂಜಿ ಹಿಡಿಯಲು ಬಿಡುತ್ತಾರೆ.

ಮೊನ್ನೆ ಸರಸ್ವತಿಪುರಂನ ಹಿರಿಯರೊಬ್ಬರು ರಾಣಿಯನ್ನು ಎತ್ತಿಕೊಂಡು ಬಂದರು. ಹೋದ ವರ್ಷ ಹೊಲಿಸಿದ ರವಿಕೆ ಈ ಸಲ ಬಿಗಿಯಾಗಿದೆಯಂತೆ.

‘ಮರದ ರಾಣಿ ದಪ್ಪ ಆಗಲ್ವಲ್ಲಮ್ಮ’ ಎಂದರು ಅಕ್ಕ, ಆದಷ್ಟು ಮೆತ್ತಗೆ.

‘ಅದು ನಂಗೂ ಗೊತ್ತು ಕಣಮ್ಮ. ಆದ್ರೆ ಬೆನ್ನಲ್ಲಿ ಕೂಡ್ತಾ ಇಲ್ಲ, ನೋಡು.’

ಮಾಸ್ಟರ್ ಕನ್ನಡಕ ಏರಿಸಿ ರವಿಕೆ ತೆಗೆದುಕೊಂಡರು. ಬಟ್ಟೆಯನ್ನು ಯಾರೋ ನೀರಿಗೆ ಹಾಕಿದ್ದಾರೆ, ಒಳಗಿನ ಲೈನಿಂಗ್ ಕುಗ್ಗಿದೆ ಎಂದರು. ಹಿರಿಯರು ಅದನ್ನು ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ. ಮನೆಯ ಕೆಲಸದವಳು ಬಹಳ ಚೊಕ್ಕ ಎಂದಷ್ಟೇ ಹೇಳಿದರು. ಹೊಸ ರವಿಕೆಗೆ ಅಳತೆಯಾಯಿತು. ಮಾಸ್ಟರ್ ನಾಲ್ಕು ಬೆರಳಗಲದ ಆ ರಾಣಿಗೆ ಎದೆ, ಸೊಂಟ, ತೋಳು ಎಂದು ಟೇಪು ಹಿಡಿದು, ಪುಸ್ತಕದಲ್ಲಿ ಬರೆದುಕೊಂಡು, ಎರಡು ದಿನ ಬಿಟ್ಟು ಬನ್ನಿ ಎಂದರು.

ಬಂದಾಗ ರವಿಕೆ ತಯಾರಿತ್ತು. ರಾಣಿಗೆ ಹಾಕಿ ಟಾಕ ಹಾಕಿದ್ದು ನಾನು, ಕೂದಲೆಳೆಯಷ್ಟೂ ಸುಕ್ಕಿಲ್ಲ. ಹಿರಿಯರು ಹಿಂದೆ ಮುಂದೆ ತಿರುಗಿಸಿ ನೋಡಿ, ದುಡ್ಡು ಕೊಟ್ಟು, ಟವಲಿನಲ್ಲಿ ಸುತ್ತಿಕೊಳ್ಳುತ್ತಿದ್ದರು. ಐವತ್ತು ವರ್ಷ ಬೆಳೆಯುವ ಹುಡುಗಿಯರಿಗೂ ಬಾಣಂತಿಯರಿಗೂ ರವಿಕೆ ಹೊಲಿದ ಮಾಸ್ಟರ್ ಮಿಷನ್ನಿನಿಂದ ತಲೆಯೆತ್ತದೆ ಹೇಳಿದರು:

‘ಅಮ್ಮಾ, ಎರಡೂ ಪಕ್ಕ ಕಾಲಿಂಚು ಒಳಗೆ ಬಿಟ್ಟಿದೀನಿ. ಮುಂದಿನ್ ವರ್ಷ ಬೇಕಾದ್ರೆ ಬಿಚ್ಕೊಳಿ.’